ಹಾಲಿಗಿಂತ ಮೊದಲು ಬಿಸಿ: ಮಲೆನಾಡಿನ ಮಳೆಯಲ್ಲಿ ನಾಯಿಮರಿಗಳ ಬಾಣಂತನ

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿದೆ. ಪುನರ್ವಸು ಮಳೆ ಹಿಡಿದರೆ ಎಂಟು-ಹತ್ತು ದಿನ ಬಿಸಿಲೇ ಕಾಣುವುದಿಲ್ಲ. ಅಂಥದ್ದೇ ಒಂದು ರಾತ್ರಿ ನಮ್ಮ ಕೆಂಪಿ ಕೊಟ್ಟಿಗೆಯ ಮೂಲೆಯಲ್ಲಿ ಐದು ಮರಿ ಹಾಕಿತ್ತು. ಬೆಳಗ್ಗೆ ಹಾಲು ಕರೆಯಲು ಹೋದಾಗ ನಾಲ್ಕು ಮರಿ ಅದರ ಹೊಟ್ಟೆಗೆ ಅಂಟಿಕೊಂಡಿದ್ದವು. ಐದನೆಯದು ಒಂದು ಮೊಳ ದೂರದಲ್ಲಿ, ಒದ್ದೆ ನೆಲದ ಮೇಲೆ ಬಿದ್ದಿತ್ತು. ಮುಟ್ಟಿದರೆ ತಣ್ಣಗೆ. ಜೀವ ಮಾತ್ರ ಇತ್ತು. ನಾನು ಒಳಗೆ ಓಡಿ, ಹಸುವಿನ ಹಾಲು ಬಿಸಿ ಮಾಡಿ, ಒಳಲೆಯಲ್ಲಿ ಅದರ ಬಾಯಿಗೆ ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಮರಿ ಹೋಯಿತು.

ಸಂಜೆ ಪಶುವೈದ್ಯರಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಅವರು ಬೈಯಲಿಲ್ಲ. ತಣ್ಣಗಾದ ಮರಿಗೆ ಹಾಲು ಕೊಡಬಾರದು, ಮೊದಲು ಮೈ ಬಿಸಿಯಾಗಬೇಕು ಅಂದರು. ಆ ಮಾತು ನನಗೆ ಮೊದಲೇ ಗೊತ್ತಿದ್ದರೆ ಅಂತ ಇವತ್ತಿಗೂ ಅನ್ನಿಸುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯಾಕೆ ಕೊಡಬಾರದು? ಮರಿಯ ಮೈ ಸುಮಾರು 34 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಅದರ ಕರುಳಿನ ಚಲನೆ ನಿಂತುಹೋಗುತ್ತದೆ. ಒಳಗೆ ಹೋದ ಹಾಲು ಜೀರ್ಣವಾಗದೆ ಅಲ್ಲೇ ಕೂರುತ್ತದೆ, ಹುಳಿಯುತ್ತದೆ, ಹೊಟ್ಟೆ ಉಬ್ಬುತ್ತದೆ. ಅಷ್ಟೇ ಅಲ್ಲ, ತಣ್ಣಗಾದ ಮರಿಗೆ ಸರಿಯಾಗಿ ಚೀಪಲು, ನುಂಗಲು ಬರುವುದಿಲ್ಲ. ನಾವು ಬಿಟ್ಟ ಹಾಲು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಮಗುವಿನ ಹಾಗೆ ಅಂಗಾತ ಮಲಗಿಸಿ ಒಳಲೆ ಹಿಡಿದರಂತೂ ಈ ಅಪಾಯ ಇನ್ನೂ ಜಾಸ್ತಿ.

ಇನ್ನೊಂದು ವಿಷಯ. ತಣ್ಣಗಾದ ಮರಿ ಕೂಗುವುದನ್ನೂ ನಿಲ್ಲಿಸುತ್ತದೆ. ಕೂಗದ, ಅಲುಗದ, ತಣ್ಣನೆಯ ಮರಿಯನ್ನು ಎಷ್ಟೋ ತಾಯಿನಾಯಿಗಳು ಪಕ್ಕಕ್ಕೆ ಸರಿಸಿಬಿಡುತ್ತವೆ. ‘ತಾಯಿ ಬೇಡ ಅಂತ ದೂಡಿತು, ಅದಕ್ಕೇ ಸತ್ತಿತು’ ಅಂತ ನಮ್ಮ ಕಡೆ ಹೇಳುವುದನ್ನು ಕೇಳಿರುತ್ತೀರಿ. ಎಷ್ಟೋ ಸಲ ನಡೆದಿರುವುದು ತಿರುಗಾಮುರುಗಾ. ಮರಿ ಮೊದಲು ತಣ್ಣಗಾಗಿರುತ್ತದೆ, ತಾಯಿ ಆಮೇಲೆ ದೂಡಿರುತ್ತದೆ.

ಈಗಷ್ಟೇ ಹುಟ್ಟಿದ ಮರಿಗೆ ತನ್ನ ಮೈ ತಾನೇ ಬಿಸಿ ಮಾಡಿಕೊಳ್ಳಲು ಬರುವುದಿಲ್ಲ ಅನ್ನುವುದು ಇಡೀ ವಿಷಯದ ಬೇರು. ನಮಗೆ ಚಳಿಯಾದರೆ ನಡುಗುತ್ತೇವೆ, ಆ ನಡುಕದಿಂದಲೇ ಬಿಸಿ ಹುಟ್ಟುತ್ತದೆ. ಮರಿಗೆ ಮೊದಲ ಕೆಲವು ದಿನ ನಡುಗಲೂ ಬರುವುದಿಲ್ಲ. ಮೈಯಲ್ಲಿ ಕೊಬ್ಬು ಇಲ್ಲ. ಕೂದಲು ತೆಳು. ಗಾತ್ರ ಚಿಕ್ಕದು, ಆದರೆ ಆ ಗಾತ್ರಕ್ಕೆ ಹೋಲಿಸಿದರೆ ಚರ್ಮ ಜಾಸ್ತಿ, ಹಾಗಾಗಿ ಬಿಸಿ ಬೇಗ ಸೋರಿಹೋಗುತ್ತದೆ. ಲೋಟದ ಕಾಫಿ ಹಂಡೆಯ ನೀರಿಗಿಂತ ಬೇಗ ಆರುತ್ತದಲ್ವಾ, ಹಾಗೆ. ಮೇಲಿಂದ ಹುಟ್ಟುವಾಗ ಮೈಯೆಲ್ಲ ಒದ್ದೆ, ಆ ನೀರು ಆರುವಾಗ ಇದ್ದ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ದೊಡ್ಡ ನಾಯಿಯ ಮೈಬಿಸಿ 38ರಿಂದ 39 ಡಿಗ್ರಿ ಇದ್ದರೆ, ಮೊದಲ ವಾರದ ಮರಿಯದು 35ರಿಂದ 37ರ ಒಳಗೇ ಇರುತ್ತದೆ. ತಾಯಿಯ ಮಟ್ಟಕ್ಕೆ ಬರಲು ಅದಕ್ಕೆ ಸುಮಾರು ನಾಲ್ಕು ವಾರ ಬೇಕು. 35ರಿಂದ 34 ಎಷ್ಟು ಹತ್ತಿರ ಅನ್ನುವುದನ್ನು ಗಮನಿಸಿ.

ಹಾಗಾದರೆ ಸುತ್ತಲಿನ ಗಾಳಿ ಎಷ್ಟು ಬೆಚ್ಚಗಿರಬೇಕು? ಮರಿ ಮಲಗುವ ಜಾಗದಲ್ಲಿ ಮೊದಲ ವಾರ 29ರಿಂದ 32 ಡಿಗ್ರಿ. ಎರಡನೇ ವಾರ 26ರಿಂದ 29. ಮೂರನೇ ವಾರ 23ರಿಂದ 26. ನಾಲ್ಕನೇ ವಾರಕ್ಕೆ 21-23 ಇದ್ದರೂ ಸಾಕು. ಮಳೆಗಾಲದ ರಾತ್ರಿ ನಮ್ಮ ಹಂಚಿನ ಮನೆಯೊಳಗೆ 20-22 ಡಿಗ್ರಿ ಇದ್ದರೆ ನಮಗೆ ಒಂದು ಹೊದಿಕೆ ಸಾಕಾಗುತ್ತದೆ, ‘ಅಂಥಾ ಚಳಿ ಏನಿಲ್ಲ’ ಅನ್ನಿಸುತ್ತದೆ. ಮರಿಗೆ ಅದು ಹತ್ತು ಡಿಗ್ರಿ ಕಡಿಮೆ. ಚಳಿಗಾಲದ ಕಥೆ ಇನ್ನೂ ಕಷ್ಟ. ಕಾರ್ತಿಕದಲ್ಲಿ ನಾಯಿಗಳು ಕೂಡುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ. ಅಲ್ಲಿಂದ 63 ದಿನ ಲೆಕ್ಕ ಹಾಕಿದರೆ ಮರಿ ಬರುವುದು ಸರಿಯಾಗಿ ಸಂಕ್ರಾಂತಿಯ ಆಚೀಚೆ, ಬೆಳಗಿನ ಜಾವ ಇಬ್ಬನಿ ಸುರಿಯುವ ಹೊತ್ತಿಗೆ.

ಇನ್ನು ತಾಯಿಯ ವಿಷಯ. ಇಲ್ಲೇ ನಮ್ಮ ಪ್ರೀತಿ ಸ್ವಲ್ಪ ದಾರಿ ತಪ್ಪುವುದು. ಬಾಣಂತಿ ಅಂದ ಕೂಡಲೇ ನಮಗೆ ನೆನಪಾಗುವುದು ಮುಚ್ಚಿದ ಕೋಣೆ, ಹಂಡೆ ಬಿಸಿನೀರು, ಕೆಂಡ, ಸಾಂಬ್ರಾಣಿ ಹೊಗೆ. ನಾಯಿಗೂ ಅದನ್ನೇ ಮಾಡಲು ಹೊರಡುತ್ತೇವೆ. ಆದರೆ ತಾಯಿನಾಯಿಗೆ ಅಷ್ಟು ಬಿಸಿ ಬೇಡವೇ ಬೇಡ. ಅದಕ್ಕೆ ದಪ್ಪ ಕೂದಲಿದೆ, ಹಾಲು ತಯಾರಾಗುವಾಗ ಮೈ ಒಳಗಿಂದಲೇ ಕಾಯುತ್ತದೆ, ಹೊಟ್ಟೆಗೆ ಐದಾರು ಮರಿ ಅಂಟಿಕೊಂಡಿರುತ್ತವೆ. 32 ಡಿಗ್ರಿಯ ಮುಚ್ಚಿದ ಕೋಣೆಯಲ್ಲಿ ಅದು ನಾಲಿಗೆ ಚಾಚಿ ಏದುತ್ತದೆ, ಕೊನೆಗೆ ತಡೆಯಲಾರದೆ ಎದ್ದು ತಣ್ಣನೆಯ ನೆಲ ಹುಡುಕಿಕೊಂಡು ಹೋಗುತ್ತದೆ. ಮರಿಗಳು ಒಂಟಿಯಾಗುತ್ತವೆ, ಹಾಲು ತಪ್ಪುತ್ತದೆ. ಅಂದರೆ ಮರಿಗೆ ಬೇಕಾದ ಬಿಸಿ ಬೇರೆ, ತಾಯಿಗೆ ಬೇಕಾದದ್ದು ಬೇರೆ, ಇಬ್ಬರೂ ಇರುವುದು ಒಂದೇ ಹಾಸಿಗೆಯಲ್ಲಿ. ಇದಕ್ಕೆ ಉತ್ತರ ಸುಲಭ. ಇಡೀ ಕೋಣೆ ಬಿಸಿ ಮಾಡಬೇಡಿ. ಪೆಟ್ಟಿಗೆಯ ಒಂದು ಮೂಲೆ ಮಾತ್ರ ಬಿಸಿ ಮಾಡಿ, ಉಳಿದದ್ದು ಹಾಗೇ ಇರಲಿ.

ಕಣ್ಣು ತೆರೆಯದ ಮರಿ ಆ ಮೂಲೆಯನ್ನು ಹುಡುಕಿಕೊಂಡು ಹೋಗುತ್ತದಾ ಅಂತ ನಾನೂ ಕೇಳಿದ್ದೆ. ಹೋಗುತ್ತದೆ. ಕಣ್ಣು ಬಿಡಲು 10ರಿಂದ 14 ದಿನ ಬೇಕು, ಕಿವಿ ಕೇಳಿಸಲು ಇನ್ನೂ ಸ್ವಲ್ಪ ದಿನ. ಆದರೆ ಬಿಸಿ ಎಲ್ಲಿದೆ ಅನ್ನುವುದನ್ನು ಮೂಗು, ಮೋರೆಯಿಂದಲೇ ಅದು ಕಂಡುಕೊಳ್ಳುತ್ತದೆ. ತಲೆಯನ್ನು ಅತ್ತಿತ್ತ ಆಡಿಸುತ್ತಾ ಹೊಟ್ಟೆಯ ಮೇಲೆ ತೆವಳುವುದನ್ನು ನೋಡಿ, ಬಿಸಿಯಾದದ್ದು, ಮೆತ್ತಗಿರುವುದು ಸಿಕ್ಕಿದ ಕೂಡಲೇ ನಿಲ್ಲುತ್ತದೆ. ಆದರೆ ಅದು ತೆವಳುವುದು ಸ್ವಲ್ಪ ದೂರ ಮಾತ್ರ. ಪೆಟ್ಟಿಗೆಯ ಗೋಡೆ ಇರುವುದು ಅದಕ್ಕೇ. ಕೆಂಪಿಯ ಐದನೇ ಮರಿಗೆ ಆ ಗೋಡೆ ಇರಲಿಲ್ಲ.

ಪೆಟ್ಟಿಗೆಗೆ ದುಡ್ಡು ಸುರಿಯುವುದು ಬೇಡ. ತಾಯಿ ಕಾಲು ಚಾಚಿ ಮಲಗುವಷ್ಟು ಅಗಲ ಇರಬೇಕು, ಒಂದು ಕಡೆ ಅದು ದಾಟುವಷ್ಟು ತಗ್ಗು, ಮರಿ ದಾಟದಷ್ಟು ಎತ್ತರ. ಹಳೇ ಹಲಗೆ, ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆ, ಏನಾದರೂ ನಡೆಯುತ್ತದೆ. ಒಳಗೆ ಗೋಡೆಯುದ್ದಕ್ಕೂ ನೆಲದಿಂದ ನಾಲ್ಕು ಇಂಚು ಎತ್ತರಕ್ಕೆ, ಗೋಡೆಯಿಂದ ನಾಲ್ಕು ಇಂಚು ಬಿಟ್ಟು ಒಂದು ಅಡ್ಡಕೋಲು ಕಟ್ಟಿ. ತಾಯಿ ಗೋಡೆಗೆ ಒರಗಿ ಮಲಗುವಾಗ ಹಿಂದೆ ಸಿಕ್ಕಿಕೊಂಡ ಮರಿ ಅಪ್ಪಚ್ಚಿಯಾಗದೆ ಆ ಸಂದಿಯಲ್ಲಿ ಉಳಿಯುತ್ತದೆ. ನಾವು ಅಡಿಕೆ ದಬ್ಬೆ ಕಟ್ಟಿದೆವು. ಸಿಬರು ಚುಚ್ಚದ ಹಾಗೆ ಬಟ್ಟೆ ಸುತ್ತಿದೆವು, ಅಷ್ಟೇ. ಪಿವಿಸಿ ಪೈಪ್ ಇದ್ದರೆ ಇನ್ನೂ ಒಳ್ಳೆಯದು, ತೊಳೆಯಬಹುದು.

ಜಾಗ ಎಲ್ಲಿ? ಕೊಟ್ಟಿಗೆ ಬೇಡ, ಅಲ್ಲಿ ಗಾಳಿ, ಗಂಜಲದ ತೇವ. ಬಚ್ಚಲ ಒಲೆ ಪಕ್ಕ ಬೆಚ್ಚಗಿರುತ್ತದೆ ನಿಜ, ಆದರೆ ಹೊಗೆ, ನೀರು ಎರಡೂ ಇರುತ್ತವೆ. ಒಳಗಿನ ಕೋಣೆಯ ಒಂದು ಮೂಲೆ, ಸ್ವಲ್ಪ ಕತ್ತಲು, ಜನ ಓಡಾಡದ ಜಾಗ ನೋಡಿ. ಮರಿ ಹಾಕುವ ಒಂದೆರಡು ವಾರ ಮೊದಲೇ ಅಲ್ಲಿ ಪೆಟ್ಟಿಗೆ ಇಟ್ಟು ತಾಯಿಗೆ ರೂಢಿ ಮಾಡಿಸಿ. ಇಡುವ ಮೊದಲು ಒಂದು ಊದುಬತ್ತಿ ಹಚ್ಚಿ ನೆಲದ ಹತ್ತಿರ ಹಿಡಿದು ನೋಡಿ. ಹೊಗೆ ನೆಟ್ಟಗೆ ಮೇಲೆ ಹೋದರೆ ಸರಿ. ಪಕ್ಕಕ್ಕೆ ಓಡಿದರೆ ಬಾಗಿಲ ಸಂದಿಯಿಂದ ಗಾಳಿ ಬರುತ್ತಿದೆ ಅಂತ ಅರ್ಥ. ನಾವು ನಿಂತಾಗ ಗೊತ್ತಾಗದ ಗಾಳಿ ನೆಲದ ಮೇಲೆ ಮಲಗಿದ ಮರಿಗೆ ನೇರ ತಾಗುತ್ತದೆ.

ನೆಲ ಇನ್ನೊಂದು ಶತ್ರು. ಗಾರೆ ನೆಲ, ಟೈಲ್ಸ್ ಎರಡೂ ಬಿಸಿಯನ್ನು ಹೀರುತ್ತವೆ. ಮೇಲಿಂದ ಎಷ್ಟೇ ಬಲ್ಬ್ ಹಾಕಿದರೂ ಕೆಳಗಿನ ಥಂಡಿ ಬಿಡುವುದಿಲ್ಲ. ಮೊದಲು ಥರ್ಮಾಕೋಲ್ ಅಥವಾ ಹಲಗೆ, ಅದರ ಮೇಲೆ ಒಣಗಿದ ಗೋಣಿಚೀಲ ಅಥವಾ ಕಂಬಳಿ, ಅದರ ಮೇಲೆ ದಪ್ಪಗೆ ನ್ಯೂಸ್‌ಪೇಪರ್, ಎಲ್ಲಕ್ಕಿಂತ ಮೇಲೆ ಮೆತ್ತನೆಯ ಹತ್ತಿ ಬಟ್ಟೆ. ಬಟ್ಟೆಯನ್ನು ಬಿಗಿಯಾಗಿ ಎಳೆದು ಅಂಚನ್ನು ಅಡಿಗೆ ಸಿಕ್ಕಿಸಿ, ಸಡಿಲ ಇದ್ದರೆ ಮರಿ ಮಡಿಕೆಯೊಳಗೆ ಸೇರಿ ಉಸಿರು ಕಟ್ಟುತ್ತದೆ. ನೂಲು ಬಿಟ್ಟ ಹಳೇ ಸೀರೆ, ಟವೆಲ್ ಬೇಡ. ಆ ನೂಲು ಕಾಲಿಗೆ, ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಭತ್ತದ ಹುಲ್ಲು ಬೆಚ್ಚಗಿರುತ್ತದೆ, ಆದರೆ ಮಳೆಗಾಲದ ಹುಲ್ಲಿನಲ್ಲಿ ಬೂಷ್ಟು, ಧೂಳು, ಉಣುಗು ಇರುವುದೇ ಜಾಸ್ತಿ. ನಾನಾದರೆ ಹಾಕುವುದಿಲ್ಲ.

ಈಗ ಬಿಸಿ ಎಲ್ಲಿಂದ ತರುವುದು? ಹಿಂದೆ 60 ವ್ಯಾಟ್‌ನ ಗಾಜಿನ ಬಲ್ಬ್ ನೇತು ಹಾಕುತ್ತಿದ್ದರು, ಕೆಲಸ ನಡೆಯುತ್ತಿತ್ತು. ಈಗ ಎಲ್ಲರ ಮನೆಯಲ್ಲೂ ಎಲ್‌ಇಡಿ. ಅದು ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ. ರಾತ್ರಿಯಿಡೀ ಎಲ್‌ಇಡಿ ಉರಿಸಿ ‘ಬಲ್ಬ್ ಹಾಕಿದ್ದೆ, ಆದರೂ ಮರಿ ಉಳಿಯಲಿಲ್ಲ’ ಅಂದವರನ್ನು ನೋಡಿದ್ದೇನೆ. ಕೋಳಿಮರಿಗೆ ಹಾಕುವ ಕೆಂಪು ಬಲ್ಬ್ ಸಿಗುತ್ತದೆ, ಅದು ಚೆನ್ನಾಗಿ ಬಿಸಿ ಕೊಡುತ್ತದೆ. ಅದನ್ನು ಪೆಟ್ಟಿಗೆಯ ನಡುವೆ ಅಲ್ಲ, ಒಂದು ಮೂಲೆಯ ಮೇಲೆ, ತಾಯಿ ಎದ್ದು ನಿಂತರೂ ತಾಗದಷ್ಟು ಎತ್ತರಕ್ಕೆ, ಬೀಳದ ಹಾಗೆ ಗಟ್ಟಿಯಾಗಿ ಕಟ್ಟಿ. ವೈರು ಬಾಯಿಗೆ ಸಿಗಬಾರದು. ಕೆಳಗೆ ಮರಿ ಮಲಗುವ ಮಟ್ಟದಲ್ಲಿ ಒಂದು ಚಿಕ್ಕ ಥರ್ಮಾಮೀಟರ್ ಇಟ್ಟು ನೋಡಿ, ಜಾಸ್ತಿಯಾದರೆ ಬಲ್ಬ್ ಮೇಲೆ ಎತ್ತಿ. ಹೀಟಿಂಗ್ ಪ್ಯಾಡ್ ಇದ್ದರೆ ಅತಿ ಕಡಿಮೆ ಬಿಸಿಯಲ್ಲಿ, ಮೇಲೆ ದಪ್ಪ ಬಟ್ಟೆ ಹಾಕಿ, ಪೆಟ್ಟಿಗೆಯ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮಾತ್ರ ಹಾಸಿ. ಸುಡುತ್ತಿದೆ ಅಂತ ಗೊತ್ತಾಗಿ ಬೇಗ ಸರಿದುಕೊಳ್ಳುವ ಶಕ್ತಿ ಆ ಮರಿಗೆ ಇನ್ನೂ ಬಂದಿರುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಕರೆಂಟ್ ಹೋಗುತ್ತದೆ. ಮರ ಬಿದ್ದು ಲೈನ್ ಹರಿದರೆ ನಮ್ಮಲ್ಲಿ ಎರಡು ದಿನ ಬರುವುದಿಲ್ಲ. ಹಾಗಾಗಿ ಕರೆಂಟ್ ಇಲ್ಲದ ದಾರಿಯನ್ನು ಮೊದಲೇ ಯೋಚಿಸಿ. ಹಂಡೆಯಲ್ಲಿ ಹೇಗೂ ಬಿಸಿನೀರು ಇರುತ್ತದೆ. ರಬ್ಬರ್ ಚೀಲಕ್ಕೋ, ಗಟ್ಟಿ ಪ್ಲಾಸ್ಟಿಕ್ ಬಾಟಲಿಗೋ ತುಂಬಿ, ಎರಡು ಸುತ್ತು ಬಟ್ಟೆ ಸುತ್ತಿ ಮರಿಗಳ ಪಕ್ಕ ಇಡಿ. ನಿಮ್ಮ ಮುಂಗೈ ಒಳಭಾಗ ಅದಕ್ಕೆ ಒತ್ತಿ ಹಿಡಿದರೆ ಹಿತವಾಗಿರಬೇಕು, ಚುರುಕ್ ಅನ್ನಬಾರದು. ಆರಿದ ಬಾಟಲಿಯನ್ನು ಅಲ್ಲೇ ಬಿಡಬೇಡಿ, ತಣ್ಣಗಾದ ನೀರು ಮರಿಯ ಮೈಬಿಸಿಯನ್ನೇ ಎಳೆದುಕೊಳ್ಳುತ್ತದೆ. ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಬದಲಾಯಿಸಬೇಕಾಗುತ್ತದೆ, ಬೇರೆ ದಾರಿ ಇಲ್ಲ. ಬಾಣಲೆಯಲ್ಲಿ ಅಕ್ಕಿ ಅಥವಾ ಕಲ್ಲುಪ್ಪು ಹುರಿದು ದಪ್ಪ ಕಾಲುಚೀಲಕ್ಕೆ ತುಂಬಿ ಗಂಟು ಹಾಕಿದರೂ ತುಂಬಾ ಹೊತ್ತು ಬಿಸಿ ಇರುತ್ತದೆ. ತಾಯಿ ಅದನ್ನು ಕಚ್ಚಿ ಹರಿಯದ ಹಾಗೆ ನೋಡಿಕೊಳ್ಳಿ.

ಒಂದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡಬೇಡಿ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಅನ್ನುವ ಅನಿಲ ಬರುತ್ತದೆ, ಅದಕ್ಕೆ ಬಣ್ಣ, ವಾಸನೆ ಏನೂ ಇಲ್ಲ. ಮರಿ, ತಾಯಿ, ಪಕ್ಕದಲ್ಲಿ ಮಲಗಿದ ಮನುಷ್ಯರು, ಎಲ್ಲರಿಗೂ ಅದು ಪ್ರಾಣಾಪಾಯ.

ಮಲೆನಾಡಿನಲ್ಲಿ ಚಳಿಗಿಂತ ದೊಡ್ಡ ತಲೆನೋವು ತೇವ. ಒದ್ದೆ ಹಾಸಿಗೆಯ ಮೇಲೆ ಯಾವ ಬಲ್ಬೂ ಕೆಲಸ ಮಾಡುವುದಿಲ್ಲ. ಮೊದಲ ಎರಡು-ಮೂರು ವಾರ ತಾಯಿ ನೆಕ್ಕಿದರೆ ಮಾತ್ರ ಮರಿಗಳು ಉಚ್ಚೆ, ಕಕ್ಕ ಮಾಡುವುದು. ತಾಯಿ ಅದನ್ನು ತಾನೇ ನೆಕ್ಕಿ ಚೊಕ್ಕಟ ಮಾಡುತ್ತದೆ. ಆದರೆ ತಾಯಿಯ ಸ್ರಾವ ಕೆಲವು ವಾರ ಇರುತ್ತದೆ, ಹಾಸಿಗೆ ದಿನಕ್ಕೆ ಎರಡು-ಮೂರು ಸಲ ಬದಲಾಯಿಸಲೇಬೇಕು. ಒಗೆದ ಬಟ್ಟೆ ಒಣಗಬೇಕಲ್ಲ! ನಾವು ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿ, ಕೊನೆಗೆ ಇಸ್ತ್ರಿ ಪೆಟ್ಟಿಗೆ ಹಾಯಿಸಿ ಹಾಕುತ್ತಿದ್ದೆವು. ಮುಟ್ಟಿದರೆ ಒಣಗಿದೆ ಅನ್ನಿಸುವ ಬಟ್ಟೆಯಲ್ಲೂ ಆಷಾಢದಲ್ಲಿ ತೇವ ಇದ್ದೇ ಇರುತ್ತದೆ, ಕೆನ್ನೆಗೆ ಒತ್ತಿ ನೋಡಿದರೆ ಗೊತ್ತಾಗುತ್ತದೆ.

ತಾಯಿ ಹೊರಗೆ ಹೋಗಿ ಬಂದಾಗಲೂ ಹಾಗೆ. ಮೊದಲ ಕೆಲವು ದಿನ ಅದು ಮರಿ ಬಿಟ್ಟು ಏಳುವುದೇ ಇಲ್ಲ, ನೀವೇ ಕರೆದುಕೊಂಡು ಹೋಗಿ ಐದು ನಿಮಿಷದಲ್ಲಿ ವಾಪಸ್ ತರಬೇಕು. ಬಾಗಿಲಲ್ಲೇ ನಿಲ್ಲಿಸಿ ಹೊಟ್ಟೆ, ಮೊಲೆ, ಕಾಲು ಪೂರ್ತಿ ಒರೆಸಿ. ಕಾಲ್ಬೆರಳ ಸಂದಿ, ಮೂಗು, ಹೊಟ್ಟೆಯಲ್ಲಿ ಇಂಬಳ ಹತ್ತಿದೆಯಾ ನೋಡಿ. ಒದ್ದೆ ಹೊಟ್ಟೆ ಹೊತ್ತು ಅದು ಮರಿಗಳ ನಡುವೆ ಮಲಗಿದರೆ ಎಲ್ಲವೂ ಒದ್ದೆ. ಉಣುಗು ಕಂಡರೆ ಕೈಯಲ್ಲೇ ತೆಗೆಯಿರಿ, ಡಾಕ್ಟರನ್ನು ಕೇಳದೆ ಪೌಡರ್ ಹಾಕಬೇಡಿ, ಅದು ಹಾಲು ಕುಡಿಯುವ ಮರಿಯ ಬಾಯಿಗೇ ಹೋಗುತ್ತದೆ. ಹೊಟ್ಟೆ ತುಂಬಾ ಊಟ, ಹತ್ತಿರದಲ್ಲೇ ನೀರು ಬೇಕು. ಹಾಲು ಜೋರಾಗಿರುವ ಮೂರು-ನಾಲ್ಕನೇ ವಾರ ತಾಯಿಗೆ ಮಾಮೂಲಿನ ಎರಡರಿಂದ ಮೂರು ಪಟ್ಟು ಆಹಾರ ಬೇಕಾಗಬಹುದು. ಬರೀ ಅನ್ನ-ಸಾರು ಸಾಲುವುದಿಲ್ಲ, ಮೊಟ್ಟೆ, ಕೋಳಿ ಮಾಂಸ, ನಾಯಿಮರಿಗಳ ಫುಡ್ ಸೇರಲಿ.

ಬಿಸಿ ಸರಿಯಾಗಿದೆಯಾ ಅಂತ ಮರಿಗಳೇ ಹೇಳುತ್ತವೆ. ಒಂದರ ಮೇಲೊಂದು ಗುಡ್ಡೆಯಾಗಿ ಬಿದ್ದು ಕುಂಯ್‌ಗುಡುತ್ತಿದ್ದರೆ ಚಳಿ. ಒಂದೊಂದೂ ಮೂಲೆ ಹಿಡಿದು ದೂರ ದೂರ ಮಲಗಿ ಏದುತ್ತಿದ್ದರೆ ಸೆಕೆ. ಪಕ್ಕ ಪಕ್ಕ ಒತ್ತಿಕೊಂಡು ಸುಮ್ಮನೆ ಮಲಗಿದ್ದರೆ ಸರಿಯಾಗಿದೆ. ನಿದ್ದೆಯಲ್ಲಿ ಕಾಲು, ತುಟಿ ಆಗಾಗ ಅದುರುತ್ತವೆ, ಫಿಟ್ಸ್ ಅಂತ ಹೆದರಬೇಡಿ. ಆರೋಗ್ಯವಾಗಿರುವ ಮರಿ ಹಾಗೇ ಮಲಗುವುದು. ದಿನಾ ಒಂದೇ ಹೊತ್ತಿಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಮೊದಲ ದಿನ ಸ್ವಲ್ಪ ಇಳಿಯಬಹುದು. ಆಮೇಲೆ ದಿನಾ ಏರಲೇಬೇಕು, ಏಳರಿಂದ ಹತ್ತು ದಿನಕ್ಕೆ ಹುಟ್ಟಿದಾಗಿನ ಎರಡರಷ್ಟಾಗಬೇಕು. ಏರದ ಮರಿಯ ಮೇಲೆ ಕಣ್ಣಿಡಿ.

ಅಷ್ಟಾದರೂ ಒಂದು ಮರಿ ತಣ್ಣಗೆ ಸಿಕ್ಕಿತು ಅಂದುಕೊಳ್ಳಿ. ಬಾಯೊಳಗೆ ಕಿರುಬೆರಳು ಇಟ್ಟರೆ ತಂಪು, ಮೈ ಸಡಿಲ, ಕೂಗಿಲ್ಲ. ಆಗ ಮೊದಲು ಒಣಬಟ್ಟೆಯಲ್ಲಿ ಒರೆಸಿ, ನಿಮ್ಮ ಅಂಗಿಯೊಳಗೆ ಎದೆಯ ಚರ್ಮಕ್ಕೆ ತಾಗಿಸಿ ಇಟ್ಟುಕೊಂಡು ಮೇಲೆ ಶಾಲು ಹೊದೆಯಿರಿ. ನಮ್ಮ ಅಜ್ಜಿ ಬೆಕ್ಕಿನ ಮರಿಯನ್ನು ಮಡಿಲಲ್ಲಿ ಸೆರಗು ಸುತ್ತಿ ಗಂಟೆಗಟ್ಟಲೆ ಕೂರುತ್ತಿದ್ದರು, ಅದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ. ಬಿಸಿನೀರಿನಲ್ಲಿ ಅದ್ದುವುದು, ಒಲೆಯ ಮುಂದೆ ಹಿಡಿಯುವುದು, ಹೇರ್ ಡ್ರೈಯರ್ ಹಾಯಿಸುವುದು ಬೇಡ. ಗಡಿಬಿಡಿಯಲ್ಲಿ ಚರ್ಮ ಸುಡುತ್ತದೆ, ಒಳಗೆ ಮಾತ್ರ ತಣ್ಣಗೇ ಇರುತ್ತದೆ. ನಿಧಾನವಾಗಿ, ಒಂದರಿಂದ ಮೂರು ಗಂಟೆಯಲ್ಲಿ ಮೈ ಬಿಸಿಯಾಗಬೇಕು. ತುಂಬಾ ಸೋತಿದ್ದರೆ ಗ್ಲೂಕೋಸ್ ನೀರಿನ ಒಂದೆರಡು ಹನಿಯನ್ನು ಬೆರಳಲ್ಲಿ ಒಸಡಿಗೆ ಸವರಬಹುದು, ಬಾಯಿಗೆ ಸುರಿಯಬಾರದು. ಮೈ ಬೆಚ್ಚಗಾಗಿ, ಅಲುಗಾಡಿ, ಬೆರಳು ಚೀಪಲು ಶುರು ಮಾಡಿದ ಮೇಲೆ ತಾಯಿಯ ಮೊಲೆಗೆ ಹಚ್ಚಿ. ಮೊದಲ ದಿನದ ಹಾಲಂತೂ ತಪ್ಪಬಾರದು. ರೋಗ ತಡೆಯುವ ಶಕ್ತಿ ಬಹುಪಾಲು ಅದರಲ್ಲೇ ಬರುವುದು, ಸುಮಾರು 24 ಗಂಟೆ ಕಳೆದ ಮೇಲೆ ಮರಿಯ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ತಾಯಿಯ ಹಾಲು ಸಾಲದಿದ್ದರೆ ಮರಿಗಳಿಗೆಂದೇ ಮಾರುವ ಹಾಲಿನ ಪುಡಿ ತನ್ನಿ. ನಾಯಿಯ ಹಾಲಿನಲ್ಲಿ ಕೊಬ್ಬು, ಪ್ರೋಟೀನ್ ಎರಡೂ ಹಸುವಿನ ಹಾಲಿಗಿಂತ ಸುಮಾರು ಎರಡರಷ್ಟಿರುತ್ತವೆ. ಕುಡಿಸುವಾಗ ಮರಿ ಹೊಟ್ಟೆಯ ಮೇಲೆಯೇ ಮಲಗಿರಬೇಕು.

ಜನ ನೋಡಲು ಬರುವುದನ್ನು ಮೊದಲ ಎರಡು ವಾರ ತಡೆಯಿರಿ. ತಾಯಿಗೆ ಗಲಾಟೆ ಅನ್ನಿಸಿದರೆ ಅದು ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಸೌದೆ ರಾಶಿಯ ಅಡಿಗೋ, ಹುಲ್ಲಿನ ಬಣವೆಗೋ ಸಾಗಿಸುತ್ತದೆ. ಆಮೇಲೆ ನಿಮ್ಮ ಪೆಟ್ಟಿಗೆ, ಬಲ್ಬ್ ಯಾವುದೂ ಉಪಯೋಗಕ್ಕೆ ಬರುವುದಿಲ್ಲ.

ಕೆಲವಕ್ಕೆ ಮಾತ್ರ ಮನೆಮದ್ದು ಸಾಲದು. ಮರಿ ಹಾಕಿದ ಎರಡು-ಮೂರು ವಾರಕ್ಕೆ ತಾಯಿ ಒಂದೇ ಸಮ ಏದುತ್ತಾ, ನಡುಗುತ್ತಾ, ಕಾಲು ಸೆಟೆದು ನಡೆಯುತ್ತಿದ್ದರೆ ಅದು ಚಳಿ ಅಲ್ಲ, ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿರಬಹುದು. ಕಂಬಳಿ ಹೊದಿಸಿ ಕಾಯುತ್ತಾ ಕೂತರೆ ಜೀವ ಹೋಗುತ್ತದೆ, ಕೂಡಲೇ ಮರಿಗಳನ್ನು ಬೇರೆ ಮಾಡಿ ಡಾಕ್ಟರ ಹತ್ತಿರ ಓಡಿ. ಮೊಲೆ ಕಲ್ಲಿನ ಹಾಗೆ ಗಟ್ಟಿಯಾಗಿ ಕೆಂಪಾಗಿ ಸುಡುತ್ತಿದ್ದರೆ, ಸ್ರಾವ ಕೆಟ್ಟ ವಾಸನೆ ಬಂದರೆ, ತಾಯಿ ಊಟ ಬಿಟ್ಟರೆ ಕೂಡ ತಡ ಮಾಡಬೇಡಿ. ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಹಳ್ಳಿಯಲ್ಲಿದ್ದರೆ ಹತ್ತಿರದ ಪಶು ಆಸ್ಪತ್ರೆಯ ಡಾಕ್ಟರ ನಂಬರನ್ನು ಮರಿ ಹಾಕುವ ಮೊದಲೇ ಗೋಡೆಗೆ ಬರೆದಿಡಿ, ಮಳೆಯಲ್ಲಿ ನೆಟ್‌ವರ್ಕ್ ಹುಡುಕುತ್ತಾ ನಂಬರನ್ನೂ ಹುಡುಕುವ ಹಾಗೆ ಆಗಬಾರದು.

ಕೆಂಪಿಯ ಮುಂದಿನ ಸೂಲು ಬಂದದ್ದು ಪುಷ್ಯ ಮಾಸದ ಚಳಿಯಲ್ಲಿ. ಆರು ಮರಿ. ಎರಡನೇ ರಾತ್ರಿ ಕರೆಂಟ್ ಹೋಯಿತು, ನಾನು ಮತ್ತು ಅಮ್ಮ ಸರದಿಯಲ್ಲಿ ಬಾಟಲಿ ಬದಲಾಯಿಸಿದೆವು. ಬೆಳಗ್ಗೆ ನಾಲ್ಕಕ್ಕೆ ಒಂದು ಮರಿ ಬಾಟಲಿಯಿಂದ ಸರಿದು ಅಡ್ಡಕೋಲಿನ ಹಿಂದೆ ಸಿಕ್ಕಿಕೊಂಡಿತ್ತು, ಮೈ ಸ್ವಲ್ಪ ತಣ್ಣಗಿತ್ತು. ಅಮ್ಮ ಹಾಲು ತರಲಾ ಅಂದರು. ಬೇಡಮ್ಮ, ಮೊದಲು ಇದನ್ನು ನಿನ್ನ ಸೆರಗೊಳಗೆ ಇಟ್ಟುಕೋ ಅಂದೆ. ಒಂದೂವರೆ ಗಂಟೆ ಆದ ಮೇಲೆ ಅದು ಅಮ್ಮನ ಬೆರಳನ್ನೇ ಚೀಪಲು ಶುರು ಮಾಡಿತು.